‘ಮಾರಿಕೊಂಡ ಮೀಡಿಯಾ’ ಅನ್ನೋದು ಸುಲಭ, ಅಳೆಯೋದು ಹೇಗೆ?

ಪಿಯುಸಿ ಫಿಸಿಕ್ಸ್ ಲ್ಯಾಬ್‌ನಲ್ಲಿ ಸ್ಕ್ರೂ ಗೇಜ್ ಕೈಗೆ ತಗೊಂಡ ಕೂಡಲೇ ಕೇಳುತ್ತಿದ್ದ ಮೊದಲ ಪ್ರಶ್ನೆ: ‘ಝೀರೋ ಎರರ್ ನೋಡಿದ್ಯಾ?’ ಸೊನ್ನೆಯೇ ಸರಿಯಿಲ್ಲದಿದ್ದರೆ ಎಷ್ಟು ಜಾಗ್ರತೆಯಿಂದ ಅಳೆದರೂ ಉತ್ತರ ತಪ್ಪು. ಮಾಧ್ಯಮದ ಪಕ್ಷಪಾತ ಅಳೆಯುವಾಗಲೂ ತಕರಾರು ಇರೋದು ಇಲ್ಲೇ. ಆ ಚಾನೆಲ್ ಬಲಕ್ಕೆ, ಈ ಪತ್ರಿಕೆ ಎಡಕ್ಕೆ ಅಂತೀವಲ್ಲ, ಯಾವ ಸೊನ್ನೆಯಿಂದ?

ಕಣ್ಣಳತೆ ಯಾಕೆ ಸಾಲದು

1982ರ ಬೈರೂತ್ ಹತ್ಯಾಕಾಂಡದ ಟಿವಿ ವರದಿಗಳನ್ನು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಗೆ ತೋರಿಸಲಾಯಿತು. ಇಸ್ರೇಲ್ ಪರ ಇದ್ದವರು ‘ಇದು ನಮ್ಮ ವಿರುದ್ಧ’ ಅಂದರು. ಅರಬ್ಬರ ಪರ ಇದ್ದವರೂ ಅದೇ ವರದಿ ನೋಡಿ ಅದನ್ನೇ ಅಂದರು. 1985ರಲ್ಲಿ ಪ್ರಕಟವಾದ ಈ ಅಧ್ಯಯನ ಕಂಡದ್ದನ್ನು ‘ಹಾಸ್ಟೈಲ್ ಮೀಡಿಯಾ ಎಫೆಕ್ಟ್’ ಅಂತ ಕರೆಯುತ್ತಾರೆ. ಅಂದರೆ ನಮ್ಮ ಸಿಟ್ಟು ಪುರಾವೆಯಲ್ಲ. ‘ಎರಡೂ ಕಡೆಯವರು ಬೈತಾರೆ, ಹಾಗಾಗಿ ನಾವು ನಿಷ್ಪಕ್ಷಪಾತಿಗಳು’ ಅನ್ನುವ ಸಂಪಾದಕರ ಸಮರ್ಥನೆಯೂ ಪುರಾವೆಯಲ್ಲ.

ವಿಧಾನ 1: ಯಾರ ಮಾತು ಉದ್ಧರಿಸ್ತಾರೆ?

2005ರಲ್ಲಿ ಟಿಮ್ ಗ್ರೋಸ್‌ಕ್ಲೋಸ್ ಮತ್ತು ಜೆಫ್ರಿ ಮಿಲ್ಯೊ ಅಮೆರಿಕದ ಸುದ್ದಿಸಂಸ್ಥೆಗಳು ಯಾವ ಥಿಂಕ್ ಟ್ಯಾಂಕ್‌ಗಳನ್ನು ಎಷ್ಟು ಸಲ ಉಲ್ಲೇಖಿಸುತ್ತವೆ ಅಂತ ಎಣಿಸಿದರು. ಅವೇ ಸಂಸ್ಥೆಗಳನ್ನು ಸಂಸದರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತಲೂ ನೋಡಿದರು. ಸಂಸದರು ಹಾಕಿದ ಮತಗಳ ಆಧಾರದ ಮೇಲೆ ಅವರಿಗೆ ಮೊದಲೇ ಅಂಕ ಇತ್ತು. ಆ ಅಂಕವನ್ನೇ ಪತ್ರಿಕೆಗಳಿಗೂ ದಾಟಿಸಿದರು.

ಉಪಾಯವೇನೋ ಚೆನ್ನಾಗಿದೆ, ಆದರೆ ಎಡವಟ್ಟೂ ಆಯಿತು. ಉದಾರವಾದಿ ಅಂತಲೇ ಹೆಸರಾದ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಇವರ ಲೆಕ್ಕದಲ್ಲಿ ತುಸು ಬಲಕ್ಕೆ ಬಂತು! ಚುನಾವಣಾ ದೇಣಿಗೆ ನಿಯಂತ್ರಣ ಮಸೂದೆಯನ್ನು ಅದು ವಿರೋಧಿಸಿತ್ತು, ಅದೇ ಮಸೂದೆಗೆ ಅಡ್ಡ ನಿಂತ ರಿಪಬ್ಲಿಕನ್ನರು ಅದರ ಮಾತನ್ನು ಉದ್ಧರಿಸಿದ್ದರು. ಎಣಿಕೆಗೆ ಕಾರಣ ಗೊತ್ತಾಗಲ್ಲ.

ವಿಧಾನ 2: ಯಾವ ಪದ ಬಳಸ್ತಾರೆ?

ಉತ್ತರಾಧಿಕಾರಿಗಳಿಗೆ ಹೋಗುವ ಸಂಪತ್ತಿನ ಮೇಲಿನ ತೆರಿಗೆಗೆ ರಿಪಬ್ಲಿಕನ್ನರು ‘ಡೆತ್ ಟ್ಯಾಕ್ಸ್’ ಅಂದರೆ, ಡೆಮಾಕ್ರಾಟರು ‘ಎಸ್ಟೇಟ್ ಟ್ಯಾಕ್ಸ್’ ಅನ್ನುತ್ತಾರೆ. ಮ್ಯಾಥ್ಯೂ ಗೆಂಟ್ಸ್‌ಕೌ ಮತ್ತು ಜೆಸ್ಸಿ ಶಪಿರೊ 2010ರ ಅಧ್ಯಯನದಲ್ಲಿ ಇಂಥ ಪದಗುಚ್ಛಗಳನ್ನು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಹುಡುಕಿದರು. ಅವರಿಗೆ ಕಂಡದ್ದು: ಪತ್ರಿಕೆ ಯಾವ ಕಡೆ ವಾಲುತ್ತದೆ ಅನ್ನೋದನ್ನು ಮಾಲೀಕನ ರಾಜಕೀಯಕ್ಕಿಂತ ಓದುಗರ ಒಲವು ಹೆಚ್ಚು ವಿವರಿಸುತ್ತದೆ.

ಕನ್ನಡದಲ್ಲೂ ಇಂಥ ಜೋಡಿಗಳಿವೆ: ‘ಗ್ಯಾರಂಟಿ ಯೋಜನೆ’, ‘ಬಿಟ್ಟಿ ಭಾಗ್ಯ’. ಆದರೆ ಎಣಿಸಲು ಹೊರಟರೆ ವಿಭಕ್ತಿ ಕಾಡುತ್ತದೆ. ಯೋಜನೆಯ, ಯೋಜನೆಗೆ, ಯೋಜನೆಯಿಂದಲೇ ಎಲ್ಲವೂ ಒಂದೇ ಪದ ಅಂತ ಸಾಫ್ಟ್‌ವೇರ್‌ಗೆ ನಾವೇ ಕಲಿಸಬೇಕು. ‘ಸರ್ಕಾರ’, ‘ಸರಕಾರ’ ಕಾಗುಣಿತದ ಜಗಳ ಬೇರೆ. ಜೊತೆಗೆ, ಪತ್ರಿಕೆ ‘ಬಿಟ್ಟಿ ಭಾಗ್ಯ’ ಅಂತ ತಾನೇ ಬರೆಯಿತಾ, ಅಥವಾ ಅಂದವರ ಮಾತು ವರದಿ ಮಾಡಿತಾ? ಎರಡೂ ಒಂದೇ ಅಲ್ಲ.

ವಿಧಾನ 3: ಏನನ್ನು ಬಿಡ್ತಾರೆ?

ಕಾಣದ ಸುದ್ದಿಯನ್ನು ಅಳೆಯೋದೇ ಕಷ್ಟ. ರಫಾಯೆಲ್ ಡಿ ಟೆಲ್ಲಾ ಮತ್ತು ಇಗ್ನಾಸಿಯೊ ಫ್ರಾನ್ಸೆಸ್ಕೆಲ್ಲಿ ಅರ್ಜೆಂಟೀನಾದ 4 ಪತ್ರಿಕೆಗಳ 1998ರಿಂದ 2007ರವರೆಗಿನ ಮುಖಪುಟ ತೆಗೆದುಕೊಂಡು, ಭ್ರಷ್ಟಾಚಾರ ಹಗರಣಗಳಿಗೆ ಕೊಟ್ಟ ಜಾಗ ಅಳೆದರು. ಸರ್ಕಾರಿ ಜಾಹೀರಾತಿನ ಹಣ ಹೆಚ್ಚು ಬಂದ ತಿಂಗಳುಗಳಲ್ಲಿ ಸರ್ಕಾರದ ಹಗರಣಗಳಿಗೆ ಸಿಕ್ಕ ಜಾಗ ಕಡಿಮೆಯಿತ್ತು. ಮುಖಪುಟದ ತುಂಬ ಸರ್ಕಾರಿ ಜಾಹೀರಾತು ನೋಡಿ ಅಭ್ಯಾಸವಾದ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ವಿಧಾನ 4: ಹೆಸರು ಮುಚ್ಚಿ ಓದಿಸೋದು

ಅಮೆರಿಕದ ಆಲ್‌ಸೈಡ್ಸ್ ಸಂಸ್ಥೆ ಲೋಗೊ ಮರೆಮಾಚಿ, ಬೇರೆ ಬೇರೆ ಒಲವಿನ ಓದುಗರಿಂದ ಅಂಕ ಹಾಕಿಸುತ್ತದೆ. ಬ್ರ್ಯಾಂಡ್ ಮೇಲಿನ ಸಿಟ್ಟು ಅಂಕಕ್ಕೆ ಅಂಟದಿರಲಿ ಅಂತ.

ಈ ಅಳತೆಗೋಲು ಇಲ್ಲಿಗೆ ಸರಿಹೋಗುತ್ತಾ?

ಮೊದಲೆರಡು ವಿಧಾನಗಳ ಸೊನ್ನೆ ಸಿಕ್ಕಿದ್ದು ಅಮೆರಿಕದ ಸಂಸತ್ತಿನಲ್ಲಿ. ಎರಡೇ ಪಕ್ಷ, ಪ್ರತಿ ಸಂಸದನ ಮತದ ದಾಖಲೆ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾಯ್ದೆಯಿಂದಾಗಿ ವಿಪ್ ಮೀರಿ ಮತ ಹಾಕಿದವರ ಸ್ಥಾನಕ್ಕೇ ಕುತ್ತು. ಹಾಗಾಗಿ ಮತ ನೋಡಿದರೆ ಪಕ್ಷ ಗೊತ್ತಾಗುತ್ತದೆಯೇ ಹೊರತು ಸಂಸದ ಏನು ಯೋಚಿಸುತ್ತಾನೆ ಅಂತ ಗೊತ್ತಾಗಲ್ಲ.

ಇನ್ನೊಂದು, ಎಡ-ಬಲದ ಒಂದೇ ಗೆರೆ ನಮಗೆ ಸಾಲದು. ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿಯ 2019ರ ವರದಿ ನೋಡಿದ 121 ಮುಖ್ಯ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಯಲ್ಲಿದ್ದವು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇರಲಿಲ್ಲ. ಎಡ-ಬಲದ ನಡುವೆ ಸರಿಯಾಗಿ ಕೂತ ಪತ್ರಿಕೆಯೂ ಜಾತಿಯ ವಿಷಯದಲ್ಲಿ ವಾಲಿರಬಹುದು, ಆ ಗೆರೆಗೆ ಅದು ಕಾಣಲ್ಲ.

ನೀವೇ ಅಳೆಯೋದಾದ್ರೆ

ಒಂದು ಘಟನೆ, ಒಂದು ವಾರ, ನಾಲ್ಕು ಪತ್ರಿಕೆ ಸಾಕು. ಏನು ಎಣಿಸ್ತೀರಿ ಅಂತ ಓದುವ ಮೊದಲೇ ಬರೆದಿಡಿ: ಎಷ್ಟು ಕಾಲಂ, ಯಾವ ಪುಟ, ಯಾರ ಹೇಳಿಕೆ, ಯಾವ ಪದ. ಹೆಸರು ಮುಚ್ಚಿ. ನಿಮ್ಮ ರಾಜಕೀಯ ಒಪ್ಪದ ಗೆಳೆಯನಿಂದಲೂ ಬೇರೆಯಾಗಿ ಎಣಿಸಿಸಿ. ಇಬ್ಬರ ಲೆಕ್ಕ ತಾಳೆಯಾಗದಿದ್ದರೆ ನಿಯಮ ತಿದ್ದಿ, ಮತ್ತೆ ಎಣಿಸಿ.

ಇಷ್ಟೆಲ್ಲ ಯಾಕೆ ಅಂದ್ರೆ, ‘ಎಲ್ಲರೂ ಮಾರಿಕೊಂಡಿದ್ದಾರೆ’ ಅನ್ನುವ ಮಾತಿನಿಂದ ಹೆಚ್ಚು ಲಾಭ ನಿಜವಾಗಿ ಮಾರಿಕೊಂಡವರಿಗೇ. ಆ ಗುಂಪಿನಲ್ಲಿ ಅವರು ಆರಾಮಾಗಿ ಕಳೆದುಹೋಗ್ತಾರೆ. ಪ್ರಾಮಾಣಿಕ ವರದಿಗಾರನಿಗೂ ಅದೇ ಬೈಗುಳ ಸಿಗುತ್ತೆ. ಯಾರು, ಯಾವ ವಿಷಯದಲ್ಲಿ, ಎಷ್ಟು ವಾಲಿದ್ದಾರೆ ಅಂತ ತೋರಿಸಿದರೆ ಮಾತ್ರ ಉತ್ತರ ಕೇಳಬಹುದು.