ಡಬ್ಬದ ಮೇಲಿನ ಗುಣವಾಚಕ

ಹೈದರಾಬಾದಿನ ಬೇಗಂ ಬಜಾರಿನಲ್ಲಿ ನಾನು ಕಲಿತ ಮೊದಲ ಇಂಗ್ಲಿಷ್ ಗುಣವಾಚಕ ‘ವೈಟ್’. ಅದೂ ಪೂರ್ತಿ ಪದವಲ್ಲ, ಗೋಡಂಬಿ ಡಬ್ಬದ ಮೇಲಿದ್ದ ಬರೀ ‘ಡಬ್ಲ್ಯೂ’. 1988ರಲ್ಲಿ ಬೀದರಿನಿಂದ ಬಂದು ಒಣಹಣ್ಣಿನ ಅಂಗಡಿ ಸೇರಿದ್ದೆ. ಅಲ್ಲಿನ ಮುನೀಮ ನಮ್ಮೂರ ಕಡೆಯವರೇ, ಎಲ್ಲರಿಗೂ ಕಾಕಾ.

“ಡಬ್ಲ್ಯೂ 320, ಡಬ್ಲ್ಯೂ 180. ದೊಡ್ಡ ಕಾಜು ಯಾವ್ದು ಹೇಳು ತಮ್ಮಾ?”

320 ಅಂದೆ. ಎರಡೂ ಡಬ್ಬದಿಂದ ಒಂದೊಂದು ಬೀಜ ತೆಗೆದು ನನ್ನ ಅಂಗೈ ಮೇಲಿಟ್ಟರು. 180ರದ್ದು ದಪ್ಪ, ಗಟ್ಟಿ. 320ರದ್ದು ಅದರ ಪಕ್ಕ ಕೂಸು. ಆ ಅಂಕಿ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಎಷ್ಟು ಬೀಜ ತೂಗುತ್ತವೆ ಎಂಬ ಲೆಕ್ಕ. ಲೆಕ್ಕ ಏರಿದಷ್ಟೂ ಬೀಜ ಸಣ್ಣದು.

ಕಾಜು ಎಂಬ ಹೆಸರು ಪೋರ್ಚುಗೀಸರ ಜೊತೆ ಹಡಗಿನಲ್ಲಿ ಬಂದದ್ದು. ಪೌಂಡಿನ ಲೆಕ್ಕ ಮಂಗಳೂರು, ಕೊಲ್ಲಂ ಕಡೆಯ ಕಾರ್ಖಾನೆಗಳು ಅಮೆರಿಕಕ್ಕೆ ಬೀಜ ಕಳಿಸಿದ ಕಾಲದ್ದು. 1956ರಲ್ಲಿ ನಮ್ಮ ಬೀದರ್ ಹೈದರಾಬಾದಿನಿಂದ ಬೇರೆಯಾಯಿತು. ಅದೇ ವರ್ಷ ಮೆಟ್ರಿಕ್ ತೂಕದ ಕಾಯಿದೆಯೂ ಬಂತು. ಸೇರು, ಮಣ ಹಿಂದೆ ಸರಿದವು. ಗೋಡಂಬಿ ಡಬ್ಬ ಮಾತ್ರ 11.34 ಕೆಜಿಯದ್ದಾಗಿಯೇ ಉಳಿಯಿತು, ಸರಿಯಾಗಿ 25 ಪೌಂಡ್.

ಅಕ್ಷರಗಳನ್ನು ಬಿಡಿಸಿ ಓದುವುದು ನನಗೆ ವ್ಯಾಕರಣದ ಪಾಠವೇ ಆಯಿತು. ‘ಡಬ್ಲ್ಯೂ 320’ ಎಂದರೆ ವೈಟ್ ಹೋಲ್ಸ್, ಬಿಳಿಯ ಇಡೀ ಬೀಜ. ‘ಎಸ್‌ಡಬ್ಲ್ಯೂ’ನಲ್ಲಿ ಬಿಳುಪೇ ಇಲ್ಲ: ಎಸ್ ಅಂದರೆ ಸ್ಕಾರ್ಚ್ಡ್, ಹುರಿಯುವಾಗ ಕೆಂಪಗೆ ತಿರುಗಿದ್ದು, ಡಬ್ಲ್ಯೂ ಇಲ್ಲಿ ಹೋಲ್ಸ್. ಒಂಟಿ ‘ಎಸ್’ ಬಂದರೆ ಸ್ಪ್ಲಿಟ್ಸ್, ಬಜಾರಿನ ಬಾಯಲ್ಲಿ ‘ದೋ ಟುಕಡಾ’. ಅದೇ ಅಕ್ಷರ ಒಂದು ಕಡೆ ಗುಣ ಹೇಳುತ್ತದೆ, ಇನ್ನೊಂದು ಕಡೆ ವಸ್ತುವಿನ ಹೆಸರೇ ಆಗುತ್ತದೆ. ಶಾಲೆಯಲ್ಲಿ ‘ಒಳ್ಳೆಯ ಹುಡುಗ’ ಎಂದು ಬಾಯಿಪಾಠ ಮಾಡಿದ್ದೆ. ಇಲ್ಲಿ ಗುಣವಾಚಕ ತಪ್ಪಿದರೆ ರೊಕ್ಕ ತಪ್ಪುತ್ತದೆ.

ಬೇಗಂ ಬಜಾರು ಎರಡನೆಯ ನಿಜಾಮ ಅಲಿ ಖಾನರ ಪತ್ನಿ ಹುಮ್ದಾ ಬೇಗಂ ವ್ಯಾಪಾರಿಗಳಿಗೆ ಕೊಟ್ಟ ಜಾಗ ಅನ್ನುತ್ತಾರೆ. ಮಾರವಾಡಿ, ತೆಲುಗು, ದಖನಿ, ಕನ್ನಡ ಎಲ್ಲ ಇಲ್ಲಿ ಒಂದೇ ತಕ್ಕಡಿಯ ಮುಂದೆ ನಿಲ್ಲುತ್ತವೆ. ಅಸಲಿ, ನಕಲಿ, ತಾಜಾ, ಬಾರೀಕು: ಇವು ಯಾರ ಮಾತೆಂದು ಯಾರೂ ಕೇಳುವುದಿಲ್ಲ. ಇವುಗಳ ಅಳತೆ ನಾಲಿಗೆಯದ್ದು, ಕಣ್ಣಿನದ್ದು. ಡಬ್ಲ್ಯೂವಿನ ಅಳತೆಯನ್ನು ಎಣಿಸಿ ನೋಡಬಹುದು.

ಒಮ್ಮೆ ಹಾಗೆ ಎಣಿಸಿದೆವು. ಹುಮನಾಬಾದ ಕಡೆಯ ಮದುವೆ ಮನೆಯವರು 240ರ ಡಬ್ಬ ವಾಪಸ್ ತಂದಿದ್ದರು. “ಇದು ಸಣ್ಣದೈತ್ರೀ ಕಾಕಾ.” ಕಾಕಾ ವಾದ ಮಾಡಲಿಲ್ಲ. 454 ಗ್ರಾಮು ತೂಗಿ ಹಾಳೆ ಮೇಲೆ ಸುರಿದರು. ನಾನು ಹತ್ತು ಹತ್ತರ ಗುಂಪು ಮಾಡುತ್ತಾ ಹೋದೆ. 306 ಬಂತು. ಕಾಕಾ ಚೀಟಿಯಲ್ಲಿದ್ದ 240 ಹೊಡೆದುಹಾಕಿ 320 ಎಂದು ಬರೆದರು, ಗಲ್ಲೆ ತೆಗೆದು ಉಳಿದ ರೊಕ್ಕ ಎಣಿಸತೊಡಗಿದರು.