ನೈಟ್ ಲೋರ್ ಎಂಬ ಆಟವೂ ಬನಹಟ್ಟಿಯ ಗ್ರಾಫ್ ಹಾಳೆಯೂ

ಕಳೆದ ಬೇಸಿಗೆಯ ರಜೆಗೆ ಪುಣೆಯಿಂದ ಬಂದಿದ್ದ ಮೊಮ್ಮಗ ಮೊಬೈಲಿನಲ್ಲಿ ಏನನ್ನೋ ಆಡುತ್ತ ಕುಳಿತಿದ್ದ. ಹಿಂದಿನಿಂದ ಇಣುಕಿದೆ. ಕಪ್ಪು ಪರದೆ, ಅದರಲ್ಲಿ ಒಂದೇ ಬಣ್ಣದಿಂದ ಮೂಡಿದ ಕಲ್ಲಿನ ಕೋಣೆ, ನಡುವೆ ಟೊಪ್ಪಿಗೆ ಹಾಕಿದ ಗಿಡ್ಡ ಮನುಷ್ಯ. "ಅಜ್ಜಾ, ಇದು ಭಾಳ ಹಳೇ ಆಟ, ನಿಮಗ ತಿಳಿಯೂದಿಲ್ಲ" ಎಂದ. "ಕತ್ತಲಾದ ಕೂಡಲೆ ಆ ಮನುಷ್ಯ ತೋಳ ಆಗತಾನ, ನೋಡು" ಎಂದೆ. ಹುಡುಗ ಬೆರಗಾಗಿ ನನ್ನ ಮುಖವನ್ನೇ ನೋಡಿದ. ಆ ಬೆರಗಿಗೆ ಉತ್ತರವಾಗಿ ಈ ಬರಹ. ಆಗ ನಮ್ಮ ಮನೆಯಲ್ಲಿ ಸೇರುತ್ತಿದ್ದ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಇದನ್ನು ಓದುವರೆಂದು ನಂಬಿದ್ದೇನೆ.

ಆಟದ ಹೆಸರು ನೈಟ್ ಲೋರ್. 1984ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದಿತು. ಮಾಡಿದವರು ಟಿಮ್ ಮತ್ತು ಕ್ರಿಸ್ ಸ್ಟ್ಯಾಂಪರ್ ಎಂಬ ಸಹೋದರರು. ಲೆಸ್ಟರ್‌ಶೈರಿನ ಆಶ್ಬಿ ಎಂಬ ಸಣ್ಣ ಊರಿನಲ್ಲಿದ್ದ ಅವರ ಸಂಸ್ಥೆ 'ಅಲ್ಟಿಮೇಟ್ ಪ್ಲೇ ದ ಗೇಮ್' ಎಂಬ ಹೆಸರಿನಿಂದ ಆಟಗಳನ್ನು ಮಾರುತ್ತಿತ್ತು. ಕಥೆ ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಗಳ ಜಾತಿಗೇ ಸೇರಿದ್ದು. ಸೇಬರ್‌ಮ್ಯಾನ್ ಎಂಬ ಸಾಹಸಿಗೆ ಒಂದು ಶಾಪ ತಗುಲಿದೆ: ಹಗಲು ಮನುಷ್ಯ, ರಾತ್ರಿ ತೋಳ. ನಲವತ್ತು ದಿನಗಳೊಳಗೆ ಮೆಲ್ಕಿಯೋರ್ ಎಂಬ ಮಾಂತ್ರಿಕನ ಕೊಪ್ಪರಿಗೆಗೆ ಅದು ಕೇಳಿದ ವಸ್ತುಗಳನ್ನು ಕೇಳಿದ ಕ್ರಮದಲ್ಲೇ ತಂದು ಹಾಕಿದರೆ ವಿಮೋಚನೆ, ಇಲ್ಲವಾದರೆ ಇಲ್ಲ. ಕೋಟೆಯಲ್ಲಿ 128 ಕೋಣೆಗಳು. ಒಮ್ಮೆಗೆ ಮೂರು ವಸ್ತುಗಳನ್ನಷ್ಟೇ ಒಯ್ಯಬಹುದು. ಎತ್ತರದ ಕಲ್ಲನ್ನು ಏರಬೇಕಾದರೆ ಕಷ್ಟಪಟ್ಟು ಗಳಿಸಿದ ವಸ್ತುವನ್ನೇ ಕೆಳಗಿಟ್ಟು, ಅದರ ಮೇಲೆ ಕಾಲಿಟ್ಟು ಜಿಗಿಯಬೇಕು. ಕೈಚಳಕ ಅರ್ಧ, ಒಗಟು ಅರ್ಧ.

ಇದು ಓಡುತ್ತಿದ್ದ ಯಂತ್ರ ಸಿಂಕ್ಲೇರ್ ಸಂಸ್ಥೆಯ ಝೆಡ್‌ಎಕ್ಸ್ ಸ್ಪೆಕ್ಟ್ರಮ್. 1982ರ ಏಪ್ರಿಲ್‌ನಲ್ಲಿ ಬಂದ ಅಗ್ಗದ ಮನೆ ಕಂಪ್ಯೂಟರ್. 48 ಕಿಲೋಬೈಟ್ ನೆನಪಿನ ಶಕ್ತಿಯ ಮಾದರಿಗೆ ಅಲ್ಲಿ 175 ಪೌಂಡ್. ಈಗ ನೀವು ವಾಟ್ಸಾಪಿನಲ್ಲಿ ಕಳುಹಿಸುವ ಒಂದು ಶುಭೋದಯದ ಚಿತ್ರಕ್ಕೂ ಅಷ್ಟು ಸ್ಥಳ ಸಾಲದು. ಅಷ್ಟರಲ್ಲೇ ಇಡೀ ಕೋಟೆಯನ್ನು ಕಟ್ಟಿದ್ದರು.

ನಮ್ಮ ದೇಶದಲ್ಲಿ 1984-85ರಲ್ಲಿ ಸರಕಾರವು 'ಕ್ಲಾಸ್' ಎಂಬ ಯೋಜನೆಯಡಿ ಮೊದಲಿಗೆ 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಕಂಪ್ಯೂಟರುಗಳನ್ನು ಕೊಟ್ಟಿತ್ತು. ಆಗಿನ್ನೂ ಅಖಂಡವಾಗಿದ್ದ ವಿಜಾಪುರ ಜಿಲ್ಲೆಯ ನನ್ನಂಥ ಹೊಸ ಮಾಸ್ತರರಿಗೆ ಅದು ಪತ್ರಿಕೆಯಲ್ಲಿ ಓದುವ ಸುದ್ದಿ ಮಾತ್ರ. ಮನೆಯಲ್ಲಿ ಇಟ್ಟುಕೊಳ್ಳುವಂಥದು ಬೇಕೆಂದವರಿಗೆ ಡೆಸಿ ಬೆಲ್ಸ್ ಎಂಬ ಭಾರತೀಯ ಕಂಪನಿ ಪರವಾನಗಿ ಪಡೆದು ಸ್ಪೆಕ್ಟ್ರಮ್ ಪ್ಲಸ್ ಮಾದರಿಯನ್ನು ಇಲ್ಲಿಯೇ ಮಾರತೊಡಗಿತ್ತು. ಪುಣೆಯಲ್ಲಿ ನೌಕರಿಯಲ್ಲಿದ್ದ ನನ್ನ ಭಾವಮೈದುನ ಅದನ್ನೊಂದು ಕೊಂಡು, 1988ರ ಮೇ ತಿಂಗಳಲ್ಲಿ ಬನಹಟ್ಟಿಯ ನಮ್ಮ ಬಾಡಿಗೆಯ ಮನೆಗೆ ತಂದ. ಸುದ್ದಿ ಹೇಗೆ ಹರಡಿತೋ ಕಾಣೆ, ಮುಧೋಳದಿಂದ ಅಕ್ಕನ ಮಕ್ಕಳು, ಬೀಳಗಿಯಿಂದ ಕಾಕಾನ ಮೊಮ್ಮಕ್ಕಳು, ಜಮಖಂಡಿಯಿಂದ ಹೆಂಡತಿಯ ತವರಿನವರು ಎಲ್ಲರೂ ಬಂದಿಳಿದರು. ಹದಿನೈದು ದಿನ ನನ್ನ ಹೆಂಡತಿ ರೊಟ್ಟಿ ಬಡಿದದ್ದೇ ಬಡಿದದ್ದು. ಆಟದ ಇತಿಹಾಸ ಬರೆಯುವವರು ಇದನ್ನೂ ಬರೆಯಬೇಕು.

ಆಟ ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿರುತ್ತಿತ್ತು. ಕೀರಲು ಸದ್ದು ಮಾಡುತ್ತ ಅದು ಯಂತ್ರದೊಳಗೆ ಇಳಿಯಲು ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ಅಷ್ಟು ಹೊತ್ತು ಪರದೆಯ ಅಂಚಿನ ಸುತ್ತ ಬಣ್ಣದ ಪಟ್ಟೆಗಳು ಓಡುತ್ತಿದ್ದವು. ಆ ಅಂಚಿಗೆ ಯಂತ್ರದ ಭಾಷೆಯಲ್ಲಿ 'ಬಾರ್ಡರ್' ಎಂದೇ ಹೆಸರು. "ದಡಿ ನೇಯಾಕ ಹತ್ತೇತ್ರಿ" ಎಂದು ಮೂಲೆಯಲ್ಲಿ ಕುಳಿತಿದ್ದ ಹುಡುಗನೊಬ್ಬ ಹೇಳಿದ. ಆತ ರಬಕವಿಯ ನೇಕಾರರ ಮನೆಯವನು, ಆ ವರ್ಷ ಹತ್ತನೆಯ ತರಗತಿಗೆ ಬಂದಿದ್ದ ನನ್ನ ವಿದ್ಯಾರ್ಥಿ. ಹೆಸರು ಬರೆಯುವುದಿಲ್ಲ, ತಿಳಿದವರಿಗೆ ತಿಳಿದೀತು.

ನಮ್ಮ ಕ್ಯಾಸೆಟ್ ಅಸಲಿಯಲ್ಲ, ನಕಲು. ಆಡುವ ವಿಧಾನವನ್ನು ತಿಳಿಸುವ ಚೀಟಿ ಅದರೊಡನೆ ಬಂದಿರಲಿಲ್ಲ. ಶಾಪದ ಕಥೆ, ಮಾಂತ್ರಿಕನ ಹೆಸರು ಇವೆಲ್ಲ ನಾನು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದದ್ದು. ಹುಡುಗರು ಸತ್ತು ಸತ್ತು ಎಲ್ಲವನ್ನೂ ತಾವೇ ಕಂಡುಕೊಂಡರು. ಕೊಪ್ಪರಿಗೆಯ ಮೇಲೆ ಮಿನುಗುವ ಚಿತ್ರವೇ ಅದು ಬೇಡುವ ವಸ್ತು ಎಂದು ಮೊದಲು ಹೇಳಿದವನೂ ಈ ರಬಕವಿಯ ಹುಡುಗನೇ.

ಮೊದಲೆರಡು ದಿನ ನಮ್ಮ ಕಪ್ಪು-ಬಿಳುಪು ಟಿ.ವಿ.ಯಲ್ಲಿ ಆಡಿದರು. ಅನಂತರ ಓಣಿಯ ನೂಲಿನ ವ್ಯಾಪಾರಿಗಳೊಬ್ಬರು ತಮ್ಮ ಬಣ್ಣದ ಟಿ.ವಿ.ಯ ಮುಂದೆ ಜಾಗ ಕೊಟ್ಟರು. ಆಗ ಒಂದು ವಿಚಿತ್ರ ಕಂಡಿತು. ಬೇರೆ ಆಟಗಳಲ್ಲಿ ಕೆಂಪು ಅಂಗಿಯ ಮನುಷ್ಯ ಹಸಿರು ಗಿಡದ ಹಿಂದೆ ಹಾಯ್ದರೆ ಗಿಡವೂ ಚೌಕ ಚೌಕವಾಗಿ ಕೆಂಪಾಗುತ್ತಿತ್ತು. ನೈಟ್ ಲೋರ್‌ನಲ್ಲಿ ಹಾಗಾಗುತ್ತಿರಲಿಲ್ಲ, ಆದರೆ ಕೋಣೆ ಪೂರ್ತಿ ಒಂದೇ ಬಣ್ಣ. ಏಕೆಂದು ಭಾವಮೈದುನನಿಗೂ ಗೊತ್ತಿರಲಿಲ್ಲ. ಕಾರಣ ಹೀಗಿದೆ: ಸ್ಪೆಕ್ಟ್ರಮ್ಮಿನ ಪರದೆಯಲ್ಲಿ ಅಡ್ಡಲಾಗಿ 256, ಉದ್ದಕ್ಕೆ 192 ಚುಕ್ಕೆಗಳು. ಪ್ರತಿ ಚುಕ್ಕೆಗೂ ಬೇರೆ ಬಣ್ಣ ಇಟ್ಟರೆ ನೆನಪು ಸಾಲದೆಂದು, ಎಂಟಕ್ಕೆ ಎಂಟರಂತೆ 64 ಚುಕ್ಕೆಗಳ ಒಂದೊಂದು ಚೌಕಕ್ಕೆ ಎರಡೇ ಬಣ್ಣ ಕೊಟ್ಟಿದ್ದರು. ಅಂಥ ಚೌಕಗಳು ಒಟ್ಟು 768. ಸ್ಟ್ಯಾಂಪರ್ ಸಹೋದರರು ಕೋಣೆಗೊಂದೇ ಬಣ್ಣ ಬಳಿದು ಈ ತೊಡಕನ್ನೇ ದಾಟಿಬಿಟ್ಟರು. ಬಣ್ಣದಲ್ಲಿ ಬಿಟ್ಟುಕೊಟ್ಟದ್ದನ್ನು ಆಳದಲ್ಲಿ ಪಡೆದರು: ಮಾಳಿಗೆಯ ಅಂಚಿನಲ್ಲಿ ನಿಂತು ಕೆಳಗಿನ ಅಂಗಳದ ಮೂಲೆಯನ್ನು ನೋಡಿದಂತೆ ಕೋಣೆ ಕಾಣುತ್ತಿತ್ತು, ಮನುಷ್ಯ ಕಲ್ಲಿನ ಹಿಂದೆ ಸರಿದರೆ ಸರಿಯಾಗಿ ಮರೆಯಾಗುತ್ತಿದ್ದ. ಮನೆ ಕಂಪ್ಯೂಟರಿನ ಮಂದಿ ಅಂಥದನ್ನು ಕಂಡಿರಲಿಲ್ಲ. ತಮ್ಮ ಹಿಂದಿನ ಆಟ ಮಾರಾಟವಾಗಲೆಂದು ಇದನ್ನು ಸಿದ್ಧವಾದ ಮೇಲೂ ತಡೆಹಿಡಿದಿದ್ದೆವೆಂದು ಸಹೋದರರೇ ಆಮೇಲೆ ಹೇಳಿಕೊಂಡರು.

ಇದನ್ನೆಲ್ಲ ನಾನು ಓದಿ ಅರಿತೆ. ಆ ಹುಡುಗ ನೋಡಿಯೇ ಅರಿತಿದ್ದ. "ಹಾಸಿಂದೊಂದು ಬಣ್ಣ, ಹೊಕ್ಕಿಂದೊಂದು ಬಣ್ಣ. ಆ ಜಾಗಾದಾಗ ಮೂರನೇದು ಎಲ್ಲಿಂದ ಬರಬೇಕ್ರಿ ಸರ?" ಎಂದು ಕೇಳಿದ. ಬಟ್ಟೆಯ ಯಾವ ಬಿಂದುವಿನಲ್ಲಾದರೂ ಹಾಸು ಮೇಲಿರಬೇಕು ಇಲ್ಲವೆ ಹೊಕ್ಕು ಮೇಲಿರಬೇಕು. ಜಕಾರ್ಡ್ ಮಗ್ಗದ ರಟ್ಟಿಗೆ ತೂತು ಹೊಡೆಯುವ ಮೊದಲು ಗ್ರಾಫ್ ಹಾಳೆಯಲ್ಲಿ ಚೌಕ ತುಂಬುವುದೂ ಇದೇ ಲೆಕ್ಕದಿಂದ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ರೂಪಿಸಿದ ಆ ತೂತಿನ ರಟ್ಟುಗಳ ವಿಚಾರವೇ ಕಂಪ್ಯೂಟರಿನ ಪೂರ್ವಜರಲ್ಲಿ ಒಂದೆಂದು ನಾನು ಬಿ.ಎಡ್. ಕಾಲದಲ್ಲಿ ಓದಿದ್ದೆ. ಓದಿದ್ದನ್ನು ಆ ಹೊತ್ತಿಗೆ ಅವನಿಗೆ ಹೇಳಬೇಕೆಂದು ತೋಚಲಿಲ್ಲ.

ದೊಡ್ಡ ಶತ್ರು ಮಾಂತ್ರಿಕನಲ್ಲ, ವಿದ್ಯುತ್ತು. ಆಟವನ್ನು ನಡುವೆ ಉಳಿಸಿಡುವ ಸೌಕರ್ಯ ಇರಲಿಲ್ಲ. ಕರೆಂಟ್ ಹೋದ ಕ್ಷಣ ಊರಿನ ಪವರ್‌ಲೂಮ್‌ಗಳ ಖಟಖಟ ಒಮ್ಮೆಲೇ ನಿಲ್ಲುತ್ತಿತ್ತು, ಆ ಮೌನದಲ್ಲಿ ನಮ್ಮ ಮನೆಯಿಂದ ಹುಡುಗರ ಹಾಹಾಕಾರ ಏಳುತ್ತಿತ್ತು. ಮತ್ತೆ ಮೊದಲನೆಯ ದಿನದಿಂದ ಶುರು. ವಸ್ತುಗಳ ಸ್ಥಾನ ಪ್ರತಿ ಸಲವೂ ಬದಲಾಗುತ್ತಿತ್ತು, ಕೋಣೆಗಳ ಸ್ಥಾನ ಮಾತ್ರ ಬದಲಾಗುತ್ತಿರಲಿಲ್ಲ. ಅದನ್ನು ಗಮನಿಸಿದ ಹುಡುಗ ಕೋಟೆಯ ನಕ್ಷೆ ಬರೆಯಲು ಕುಳಿತ. ಶಾಲೆ ಆರಂಭವಾಗುವಷ್ಟರಲ್ಲಿ ನಾಲ್ಕು ಗ್ರಾಫ್ ಹಾಳೆಗಳನ್ನು ಅಂಟಿಸಿ ನೂರಕ್ಕೂ ಹೆಚ್ಚು ಕೋಣೆ ಬರೆದಿದ್ದ. ಕಂಪ್ಯೂಟರು ಆಗಲೇ ಪುಣೆಗೆ ಹೋಗಿತ್ತು.

ಅವನು ಆ ನಕ್ಷೆಯನ್ನು ಜೂನ್ ತಿಂಗಳಲ್ಲಿ ಬೀಜಗಣಿತದ ತರಗತಿಗೆ ತಂದ. ಗೆಳೆಯರು ಮುತ್ತಿಕೊಂಡರು. ನಾನು ಕಸಿದುಕೊಂಡು, "ಎಸ್ಸೆಸ್ಸೆಲ್ಸಿಯಲ್ಲಿ ಇದರ ಮೇಲೆ ಎಷ್ಟು ಅಂಕದ ಪ್ರಶ್ನೆ ಬರತೈತಿ?" ಎಂದು ಎಲ್ಲರೆದುರು ಕೇಳಿದೆ. ತರಗತಿ ನಕ್ಕಿತು. ಹಾಳೆ ನನ್ನ ಕಪಾಟು ಸೇರಿತು. ಅವನು ಕೇಳಲಿಲ್ಲ, ನಾನು ಕೊಡಲಿಲ್ಲ. ಮುಂದೆ ಪಾಸಾದ, ಕಾಲೇಜಿಗೆ ಹೋಗದೆ ಮಗ್ಗಕ್ಕೆ ಕುಳಿತ. ಅದಕ್ಕೆ ನಾನೇ ಕಾರಣನೆಂದು ಹೇಳಲಾರೆ, ಅವನ ಮನೆಯ ಪರಿಸ್ಥಿತಿಯೇ ಹಾಗಿತ್ತು. ಆದರೆ ಆ ಪ್ರಶ್ನೆಯನ್ನು ನಾನು ಕೇಳಬಾರದಿತ್ತು.

ಸ್ಟ್ಯಾಂಪರ್ ಸಹೋದರರ ಮುಂದಿನ ಸಂಸ್ಥೆಯಾದ ರೇರ್ ಅನ್ನು 2002ರಲ್ಲಿ ಮೈಕ್ರೋಸಾಫ್ಟ್ 37.5 ಕೋಟಿ ಡಾಲರಿಗೆ ಕೊಂಡಿತು. 2015ರಲ್ಲಿ ರೇರ್ ತನ್ನ 30 ಹಳೆಯ ಆಟಗಳ ಸಂಪುಟ ತಂದಾಗ ನೈಟ್ ಲೋರ್ ಕೂಡ ಅದರಲ್ಲಿತ್ತು.

ಮೊಮ್ಮಗ ಹೋದ ಮೇಲೆ ಹಳೆಯ ಟ್ರಂಕು ತೆಗೆದೆ. ಹಾಳೆ ಇತ್ತು; ಮಡಿಕೆಗಳಲ್ಲಿ ಹರಿದಿದ್ದರೂ ಪೆನ್ಸಿಲ್ಲಿನ ಗೆರೆ ಅಳಿಸಿರಲಿಲ್ಲ. ಅದನ್ನು ಹಿಡಿದು ರಬಕವಿಗೆ ಹೋದೆ. ಐವತ್ತು ದಾಟಿದ ಮನುಷ್ಯ ಮಗ್ಗ ನಿಲ್ಲಿಸಿ ಎದ್ದು ಬಂದ. "ಬರ್ರಿ ಸರ" ಎಂದು ಚಾಪೆ ಹಾಸಿದ, ಚಹಾ ತರಿಸಿದ. ನಾನು ತಡವರಿಸಿ ಹೇಳಬೇಕಾದುದನ್ನು ಹೇಳಿದೆ. ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದ, ಒಂದು ಮೂಲೆಗೆ ಬೆರಳಿಟ್ಟು, "ಇಲ್ಲಿ ಕರೆಂಟ್ ಹೋತ್ರಿ, ಇವೆರಡು ಖೋಲಿ ಅಂದಾಜಿಲೆ ಬರದಿದ್ದೆ" ಎಂದು ನಕ್ಕ. ಆಮೇಲೆ ಹಾಳೆಯನ್ನು ಮಗುಚಿದ. ಬೆನ್ನಿಗೆ ಅವನ ತಂದೆ ಕೆಂಪು ಶಾಯಿಯಲ್ಲಿ ಚೌಕ ತುಂಬಿದ್ದ ಹಳೆಯ ದಡಿಯ ವಿನ್ಯಾಸವಿತ್ತು. ಅದನ್ನು ನಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ.

"ಅಪ್ಪನ ಕೈಯಾಗಿಂದು. ಒಂದೂ ಉಳಿದಿಲ್ಲ ಅಂದುಕೊಂಡಿದ್ದೆವ್ರಿ" ಎಂದು ಹೇಳಿ, ಮಗನನ್ನು ಕರೆದು ಒಂದೊಂದೇ ಸಾಲಿನ ಚೌಕಗಳನ್ನು ಎಣಿಸಿ ತೋರಿಸತೊಡಗಿದ.