ಮೊದಲು ಹಾಳೆ, ಆಮೇಲೆ ಅಲಗು: ಸ್ಕ್ರ್ಯಾಪ್‌ಬುಕ್ ಕಲೆ ನಡೆದುಬಂದ ದಾರಿ

ಫೋಟೊ, ಕಾಗದಪತ್ರ, ರೈಲು ಟಿಕೆಟ್ಟು, ಮದುವೆಯ ಕರೆಯೋಲೆ ಇವನ್ನೆಲ್ಲ ಪುಸ್ತಕವೊಂದರಲ್ಲಿ ಚೆಂದವಾಗಿ ಜೋಡಿಸಿಡುವ ಸ್ಕ್ರ್ಯಾಪ್‌ಬುಕ್ ಕಲೆ ಈಗ ಮನೆಯ ಪ್ರಿಂಟರಿನವರೆಗೆ ಬಂದು ನಿಂತಿದೆ. ವಿನ್ಯಾಸದ ಫೈಲು ಇಳಿಸಿಕೊಂಡು, ಮುದ್ರಿಸಿ, ಕತ್ತರಿಸಿ, ಪುಟ ಕಟ್ಟುವವರು ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಹೊಸಬರು ಮೊದಲು ಕೇಳುವುದು ಯಾವ ಯಂತ್ರ ಕೊಳ್ಳಬೇಕು ಎಂದು. ಈ ಕಲೆಯ ಚರಿತ್ರೆ ಹೇಳುವ ಪಾಠ ಬೇರೆ. ಕತ್ತರಿಸುವ ಸಲಕರಣೆಗಳು ಪ್ರತಿ ತಲೆಮಾರಿನಲ್ಲೂ ಸುಧಾರಿಸುತ್ತ ಬಂದವು. ಕಾಗದ ಮಾತ್ರ ಒಮ್ಮೆ ಕೆಟ್ಟು, ನೂರಕ್ಕೂ ಹೆಚ್ಚು ವರ್ಷ ಕೆಟ್ಟೇ ಇದ್ದು, ಬಹಳ ಕಷ್ಟದಿಂದ ಮತ್ತೆ ಸರಿಹೋಯಿತು. ಆದ್ದರಿಂದ ಆಯ್ಕೆ ಹಾಳೆಯಿಂದಲೇ ಶುರುವಾಗಬೇಕು.

ಕತ್ತರಿಯೊಂದೇ ಇದ್ದ ಕಾಲ

1769ರಲ್ಲಿ ಜೇಮ್ಸ್ ಗ್ರೇಂಜರ್ ಇಂಗ್ಲೆಂಡಿನ ಗಣ್ಯರ ಜೀವನಚರಿತ್ರೆಗಳ ಗ್ರಂಥವೊಂದನ್ನು ಪ್ರಕಟಿಸಿದ. ಅದರಲ್ಲಿ ಹೆಸರಿಸಿದ್ದ ಭಾವಚಿತ್ರಗಳನ್ನು ಓದುಗರು ಹುಡುಕಿ ತಂದು, ಬೇರೆ ಪುಸ್ತಕಗಳಿಂದ ಕತ್ತರಿಸಿಯೂ ತಂದು, ತಮ್ಮ ಪ್ರತಿಗೆ ಸೇರಿಸತೊಡಗಿದರು. ಅಚ್ಚಾದ ಪುಸ್ತಕವನ್ನು ಓದುಗನೇ ಬೆಳೆಸುವ ಈ ಹವ್ಯಾಸಕ್ಕೆ ಗ್ರೇಂಜರನ ಹೆಸರೇ ನಿಂತಿತು.

ಅದೇ ಕಾಲಕ್ಕೆ ಮೇರಿ ಡಿಲೇನಿ ಕಾಗದ ಕತ್ತರಿಸುವುದನ್ನೇ ಕಲೆಯಾಗಿಸಿದರು. 1700ರಲ್ಲಿ ಹುಟ್ಟಿದ ಆಕೆ ಎಪ್ಪತ್ತು ದಾಟಿದ ಮೇಲೆ ಬಣ್ಣದ ಕಾಗದದ ಚೂರುಗಳನ್ನು ಕಪ್ಪು ಹಿನ್ನೆಲೆಗೆ ಅಂಟಿಸಿ ಹೂಗಳನ್ನು ರಚಿಸತೊಡಗಿದರು. ಒಂದೇ ಹೂವಿಗೆ ನೂರಾರು ಚೂರುಗಳು ಬೇಕಾಗುತ್ತಿದ್ದವು. ಬ್ರಿಟಿಷ್ ಮ್ಯೂಸಿಯಂನಲ್ಲಿ ಅವರ ಒಂಬೈನೂರಕ್ಕೂ ಹೆಚ್ಚು ಹೂಗಳು ಇಂದಿಗೂ ಉಳಿದಿವೆ. ಅವರ ಕೈಚಳಕ ಎಷ್ಟು ದೊಡ್ಡದೋ ಕಾಗದದ ಗುಣವೂ ಅಷ್ಟೇ ದೊಡ್ಡದು. ಚಿಂದಿ ಬಟ್ಟೆಯ ನಾರಿನಿಂದ ಕೈಯಲ್ಲಿ ಮಾಡಿದ ಅಂದಿನ ಹಾಳೆ ಶತಮಾನಗಳನ್ನು ತಾಳಬಲ್ಲದಾಗಿತ್ತು.

1837ರಲ್ಲಿ ಗೊಡೆಫ್ರುವಾ ಎಂಗೆಲ್ಮನ್ ಬಣ್ಣದ ಕಲ್ಲಚ್ಚಿಗೆ ಪೇಟೆಂಟ್ ಪಡೆದ. ಮುಂದೆ ಜರ್ಮನಿಯ ಮುದ್ರಣಾಲಯಗಳಿಂದ ಹೂವು, ದೇವತೆ, ಮಕ್ಕಳ ಪುಟ್ಟ ಉಬ್ಬುಚಿತ್ರಗಳು ಹಾಳೆಗಟ್ಟಲೆ ಬಂದವು. ಉಕ್ಕಿನ ಅಚ್ಚು ಅವುಗಳ ಅಂಚನ್ನು ಮೊದಲೇ ಕತ್ತರಿಸಿರುತ್ತಿತ್ತು. ಸಣ್ಣ ಕಾಗದದ ಪಟ್ಟಿಗಳು ಚಿತ್ರಗಳನ್ನು ಒಂದಕ್ಕೊಂದು ಹಿಡಿದಿರುತ್ತಿದ್ದವು. ಮನೆಯಲ್ಲಿ ಪಟ್ಟಿ ಕಿತ್ತು ಅಂಟಿಸಿದರೆ ಸಾಕು. ಮುದ್ರಿತ ಸ್ಕ್ರ್ಯಾಪ್‌ಬುಕ್ ಕಲೆಯ ನಿಜವಾದ ಆರಂಭ ಇಲ್ಲಿದೆ. ಅಂಟಿನ ಗೋಜನ್ನೂ ತಪ್ಪಿಸಲು ಮಾರ್ಕ್ ಟ್ವೇನ್ 1873ರಲ್ಲಿ ಪೇಟೆಂಟ್ ಪಡೆದ: ಪುಟದ ಮೇಲೆ ಒಣ ಅಂಟು ಮೊದಲೇ ಸವರಿರುತ್ತದೆ, ಒದ್ದೆ ಮಾಡಿ ಚಿತ್ರ ಇಟ್ಟರಾಯಿತು. ಆ ಪುಸ್ತಕ ಚೆನ್ನಾಗಿಯೇ ಮಾರಾಟವಾಯಿತು.

ಕಾಗದ ಅಗ್ಗವಾಯಿತು, ಆಯುಷ್ಯ ಕುಗ್ಗಿತು

ಈ ಹವ್ಯಾಸವನ್ನು ಸಾಮಾನ್ಯರ ಕೈಗೆಟುಕಿಸಿದ್ದು ಅಗ್ಗದ ಕಾಗದ. ಅದರ ಪುಟಗಳನ್ನು ಹಾಳು ಮಾಡಿದ್ದೂ ಅದೇ ಕಾಗದ. ಶಾಯಿ ಹರಡದಂತೆ ರಾಳ ಮತ್ತು ಪಟಿಕ ಬೆರೆಸುವ ವಿಧಾನವನ್ನು ಮೋರಿಟ್ಸ್ ಇಲ್ಲಿಗ್ 1807ರಲ್ಲಿ ಪ್ರಕಟಿಸಿದ. 1840ರ ದಶಕದಲ್ಲಿ ಫ್ರೀಡ್ರಿಖ್ ಕೆಲ್ಲರ್ ಮರವನ್ನು ಅರೆದು ತಿರುಳು ಮಾಡುವ ದಾರಿ ತೋರಿಸಿದ. ಪಟಿಕ ಹಾಳೆಯನ್ನು ಆಮ್ಲೀಯಗೊಳಿಸುತ್ತದೆ. ಆಮ್ಲ ಸೆಲ್ಯುಲೋಸಿನ ಉದ್ದನೆಯ ಸರಪಳಿಯನ್ನು ತುಂಡರಿಸುತ್ತ ಹೋಗುತ್ತದೆ. ಅರೆದ ಮರದಲ್ಲಿ ಉಳಿಯುವ ಲಿಗ್ನಿನ್ ಬೆಳಕಿಗೆ ಹಳದಿಯಾಗುತ್ತದೆ. ಹಳೆಯ ಪತ್ರಿಕೆಯ ತುಣುಕು ಮುಟ್ಟಿದರೆ ಪುಡಿಯಾಗುವುದು ಇದರಿಂದ. ಆ ಆಮ್ಲ ಪಕ್ಕದ ಪುಟಕ್ಕೂ ದಾಟಿ ಕಂದು ಕಲೆ ಬಿಡುತ್ತದೆ.

ಅಮೆರಿಕದ ರಿಚ್‌ಮಂಡ್‌ನ ಸಂರಕ್ಷಣಾಕಾರ ವಿಲಿಯಂ ಬ್ಯಾರೋ 1950ರ ದಶಕದ ಪರೀಕ್ಷೆಗಳಲ್ಲಿ ಕಾಗದದ ಮುಖ್ಯ ಶತ್ರು ಆಮ್ಲವೇ ಎಂದು ತೋರಿಸಿದ. ಆದರೂ ಮನೆಗಳಲ್ಲಿ ಮುಂದಿನ ಕೆಲವು ದಶಕ ಹಾನಿ ನಡೆದೇ ಇತ್ತು. ಅಂಟಿನ ಗೆರೆಗಳ ಮೇಲೆ ಫೋಟೊ ಇಟ್ಟು ಪ್ಲಾಸ್ಟಿಕ್ ಹೊದಿಸುವ ಆಲ್ಬಮ್ಮುಗಳು ಅದೇ ಕಾಲದಲ್ಲಿ ಜನಪ್ರಿಯವಾದವು. ನಮ್ಮ ಮದುವೆಯ ಚಿತ್ರಗಳೂ ಅವುಗಳೊಳಗೆ ಸೇರಿದವು. ಅಂಟು ಗಟ್ಟಿಯಾಯಿತು, ಫೋಟೊ ಬಿಡಿಸಲು ಬಾರದಾಯಿತು, ಬಣ್ಣ ತಿರುಗಿತು.

ಯೂಟಾದಿಂದ ಬಂದ ತಿರುವು

ಕುಟುಂಬದ ವಂಶಾವಳಿಯನ್ನು ಜೋಪಾನ ಮಾಡುವುದನ್ನು ಧರ್ಮಕಾರ್ಯವೆಂದೇ ಭಾವಿಸುವ ಮಾರ್ಮನ್ ಸಮುದಾಯದಲ್ಲಿ ಈ ಹಾನಿಗೆ ಉತ್ತರ ಹುಟ್ಟಿತು. ಮ್ಯಾರಿಲಿನ್ ಕ್ರಿಸ್ಟೆನ್ಸನ್ 1980ರಲ್ಲಿ ಸಾಲ್ಟ್ ಲೇಕ್ ಸಿಟಿಯ ವಿಶ್ವ ದಾಖಲೆಗಳ ಸಮ್ಮೇಳನದಲ್ಲಿ ತಮ್ಮ ಕುಟುಂಬದ ಐವತ್ತಕ್ಕೂ ಹೆಚ್ಚು ಆಲ್ಬಮ್ಮುಗಳನ್ನು ಪ್ರದರ್ಶಿಸಿದರು. ನಂತರ ಯೂಟಾದ ಸ್ಪ್ಯಾನಿಷ್ ಫೋರ್ಕ್‌ನಲ್ಲಿ ಬಾಳಿಕೆಯ ಸಾಮಗ್ರಿಗಳ ಅಂಗಡಿ ತೆರೆದರು. ಅಲ್ಲಿಂದ ‘ಆಮ್ಲರಹಿತ, ಲಿಗ್ನಿನ್‌ರಹಿತ’ ಎಂಬ ಮಾತು ಗ್ರಂಥಾಲಯ ಬಿಟ್ಟು ಅಡುಗೆಮನೆಯ ಮೇಜಿಗೆ ಬಂತು. 12 ಇಂಚಿನ ಚೌಕ ಪುಟವೂ ಆ ಚಳವಳಿಯಲ್ಲೇ ಬೇರೂರಿತು.

ಮಾನದಂಡಗಳೂ ಬಂದವು. 1994ರ ಐಎಸ್‌ಒ 9706ರ ಪ್ರಕಾರ ಬಾಳಿಕೆಯ ಕಾಗದದ ಪಿಎಚ್ 7.5ರಿಂದ 10ರೊಳಗಿರಬೇಕು, ಮುಂದೆ ಹುಟ್ಟುವ ಆಮ್ಲವನ್ನು ತಣಿಸಲು ಕನಿಷ್ಠ ಶೇ. 2ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರ ಹಾಳೆಯಲ್ಲೇ ಇರಬೇಕು. ಫೋಟೊಗೆ ತಾಗುವ ಸಾಮಗ್ರಿಗೆ ‘ಪಿಎಟಿ’ ಎಂಬ ಇನ್ನೊಂದು ಕಠಿಣ ಪರೀಕ್ಷೆಯುಂಟು. ಕಾಗದ ಅಥವಾ ಅಂಟನ್ನು ಪರೀಕ್ಷಾ ಫಿಲ್ಮಿಗೆ ಒತ್ತಿ, 70 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಶೇ. 86 ತೇವದಲ್ಲಿ 15 ದಿನ ಇಟ್ಟು ನೋಡುತ್ತಾರೆ. ಪೊಟ್ಟಣದ ಮೇಲಿನ ‘ಫೋಟೊ ಸೇಫ್’ ಎಂಬ ಬರಹಕ್ಕೆ ತಾನಾಗಿ ಬೆಲೆಯಿಲ್ಲ. ‘ಪಿಎಟಿ’ ಪರೀಕ್ಷೆ ದಾಟಿದೆ ಎಂದಿದ್ದರೆ ಬೆಲೆಯುಂಟು.

ಅಲಗಿನ ಬೆಳವಣಿಗೆ

ಅಲಗಿನ ಕಥೆಗೆ ಇಂಥ ಹಿನ್ನಡೆಯಿಲ್ಲ. 1956ರಲ್ಲಿ ಒಸಾಕಾದ ಯೋಶಿಯೋ ಒಕಾಡ, ಒಡೆದ ಗಾಜಿನ ಅಂಚು ಮತ್ತು ಮುರಿದು ತಿನ್ನುವ ಚಾಕೊಲೇಟ್ ಪಟ್ಟಿಯನ್ನು ನೆನೆದು, ಮೊಂಡಾದ ತುದಿಯನ್ನು ಮುರಿದು ಹಾಕುವ ಚಾಕು ರೂಪಿಸಿದ. ಆತನ ಓಲ್ಫಾ ಸಂಸ್ಥೆ 1979ರಲ್ಲಿ ಚಕ್ರದ ಅಲಗನ್ನು ತಂದಿತು. ಫಿನ್‌ಲ್ಯಾಂಡಿನ ಫಿಸ್ಕಾರ್ಸ್ 1967ರಲ್ಲಿ ಕಿತ್ತಳೆ ಹಿಡಿಯ ಹಗುರ ಕತ್ತರಿ ಮಾರಿತು. ಶಾಲೆಗಳಿಗೆ ಅಕ್ಷರ ಕತ್ತರಿಸುವ ಅಚ್ಚುಯಂತ್ರ ಮಾಡುತ್ತಿದ್ದ ಎಲಿಸನ್ ಸಂಸ್ಥೆ ಸಿಜಿಕ್ಸ್ ಹೆಸರಿನಲ್ಲಿ ಪುಟ್ಟ ಯಂತ್ರವನ್ನು ಮನೆಗೆ ಕಳಿಸಿತು. 2000ರ ದಶಕದ ನಡುವೆ ಯೂಟಾದ ಪ್ರೊವೊ ಕ್ರಾಫ್ಟ್ ತಂದ ಕ್ರಿಕಟ್, ಅಚ್ಚಿನ ಬದಲು ವಿದ್ಯುನ್ಮಾನ ಆಜ್ಞೆಯಂತೆ ಓಡುವ ಸಣ್ಣ ಅಲಗು ಕೊಟ್ಟಿತು.

ಅನುಕೂಲದ ಜೊತೆ ಅವಲಂಬನೆಯೂ ಬಂತು. ಮೊದಲು ಚಿತ್ರಗಳನ್ನು ಕಾರ್ಟ್ರಿಜ್‌ನಲ್ಲಿ ಕೊಳ್ಳಬೇಕಿತ್ತು. ಮುಂದೆ ಸ್ವಂತ ವಿನ್ಯಾಸಕ್ಕೆ ಅವಕಾಶವಾಯಿತು. 2021ರಲ್ಲಿ ಶುಲ್ಕ ಕೊಡದವರು ತಿಂಗಳಿಗೆ 20 ವಿನ್ಯಾಸ ಮಾತ್ರ ಏರಿಸಬಹುದೆಂಬ ನಿಯಮವನ್ನು ಕಂಪನಿ ಪ್ರಕಟಿಸಿ, ಬಳಕೆದಾರರ ಪ್ರತಿಭಟನೆಯ ನಂತರ ಕೈಬಿಟ್ಟಿತು. ಯಂತ್ರ ಕೊಳ್ಳುವಾಗ ಅದರ ತಂತ್ರಾಂಶ ಅಂತರ್ಜಾಲವಿಲ್ಲದೆ ನಡೆಯುತ್ತದೆಯೇ, ಎಸ್‌ವಿಜಿ ಫೈಲನ್ನು ನೇರವಾಗಿ ಓದುತ್ತದೆಯೇ ಎಂದು ಕೇಳಲೇಬೇಕು.

ಪ್ರಿಂಟರಿನ ಮುಂದೆ ನಿಂತಾಗ

ಮನೆಯಲ್ಲೇ ಮುದ್ರಿಸುವವರಿಗೆ ಮೊದಲ ಪ್ರಶ್ನೆ ಅಳತೆಯದು. 12 ಇಂಚು ಎಂದರೆ 305 ಮಿಲಿಮೀಟರ್. ಎ4 ಹಾಳೆಯ ಅಗಲ 210. ಎ3 ಕೂಡ 297. ಪುಟದ ಅಗಲಕ್ಕೆ ಎ3 ಎಂಟು ಮಿಲಿಮೀಟರ್ ಸಾಲದು. ಹಾಗಾಗಿ ಎ4 ಪ್ರಿಂಟರಿನವರು 12 ಇಂಚಿನ ಫೈಲನ್ನು ಕುಗ್ಗಿಸಿ ಒದ್ದಾಡುವ ಬದಲು 6 ಅಥವಾ 8 ಇಂಚಿನ ಚೌಕ ಪುಸ್ತಕವನ್ನೇ ಕಟ್ಟುವುದು ಜಾಣತನ.

ಎರಡನೆಯದು ದಪ್ಪ. ಅಮೆರಿಕದ ಸೂಚನೆಗಳು ಪೌಂಡಿನಲ್ಲಿರುತ್ತವೆ, ಅವು ದಾರಿ ತಪ್ಪಿಸುತ್ತವೆ: 80 ಪೌಂಡಿನ ‘ಟೆಕ್ಸ್ಟ್’ ಸುಮಾರು 118 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ), 80 ಪೌಂಡಿನ ‘ಕವರ್’ 216. ಆದ್ದರಿಂದ ಜಿಎಸ್‌ಎಂ ಮಾತ್ರ ನಂಬಿ. ಅಲಂಕಾರದ ಹಿನ್ನೆಲೆಗೆ 120ರಿಂದ 160, ಕತ್ತರಿಸಿ ಅಂಟಿಸುವ ಆಕೃತಿಗಳಿಗೆ 180ರಿಂದ 220, ಭಾರ ಹೊರುವ ಮೂಲಪುಟಕ್ಕೆ 250ರಿಂದ 300 ಹೊಂದುತ್ತದೆ. ಹಾಳೆ ಎಳೆದುಕೊಳ್ಳುವಾಗ ತಿರುವಿಹಾಕುವ ಪ್ರಿಂಟರಿಗೆ ದಪ್ಪ ಹಾಳೆ ಆಗದು. ಹಿಂಬದಿಯ ನೇರ ತಟ್ಟೆಯಿದ್ದರೆ ಮೇಲು.

ಮೂರನೆಯದು ಶಾಯಿ. ಇಂಕ್‌ಜೆಟ್‌ನ ಡೈ ಶಾಯಿ ಹೊಳೆಯುತ್ತದೆ, ಆದರೆ ಬೆಳಕು ಮತ್ತು ಗಾಳಿಯ ಓಜೋನಿಗೆ ಬೇಗ ಮಂಕಾಗುತ್ತದೆ. ಪಿಗ್ಮೆಂಟ್ ಶಾಯಿ ತಡೆದುಕೊಳ್ಳುತ್ತದೆ. ಲೇಸರ್ ಟೋನರ್ ನೀರಿಗೆ ಅಂಜದು, ಆದರೆ ದಪ್ಪ ಹಾಳೆ ಮಡಚಿದ ಕಡೆ ಬಿರುಕು ಬಿಡಬಹುದು. ಮುದ್ರಿಸಿ ಕತ್ತರಿಸುವ ಯಂತ್ರ ಹಾಳೆಯ ಮೇಲಿನ ಕಪ್ಪು ಗುರುತುಗಳನ್ನು ಸಂವೇದಕದಿಂದ ಓದುತ್ತದೆ. ಹೊಳಪಿನ ಹಾಳೆ ಬೆಳಕನ್ನು ಪ್ರತಿಫಲಿಸಿ ಅದನ್ನು ತಪ್ಪಿಸುವುದರಿಂದ ಮ್ಯಾಟ್ ಹಾಳೆ ವಾಸಿ.

ನಾರಿನ ದಿಕ್ಕನ್ನು ಮರೆಯಬಾರದು. ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ. ಸಲೀಸಾಗಿ ಬಾಗುವ ಕಡೆಗೇ ಮಡಿಕೆ ಬರಲಿ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಹಾಳೆ ತೇವ ಹೀರಿ ಸುರುಳಿಯಾಗುತ್ತದೆ, ಅಲಗಿಗೆ ಸಿಕ್ಕಿ ಹರಿಯುತ್ತದೆ. ಪೊಟ್ಟಣವನ್ನು ಮುಚ್ಚಿಟ್ಟು, ಬೇಕಾದಷ್ಟನ್ನೇ ತೆಗೆಯಬೇಕು.

ಕೈಗೆ ಸಿಗುವ ಆಯ್ಕೆ

ಬೆಂಗಳೂರಿನ ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಕಾಗದದ ಅಂಗಡಿಗಳಲ್ಲಿ ಐವರಿ ಕಾರ್ಡು, ಆರ್ಟ್ ಕಾರ್ಡು, ಕೈಕಾಗದ ಎಲ್ಲ ಸಿಗುತ್ತವೆ. ಹತ್ತಿಯ ನಾರಿನ ಕೈಕಾಗದ ಸಾಮಾನ್ಯವಾಗಿ ಲಿಗ್ನಿನ್ ಇಲ್ಲದ್ದು, ಮೂಲಪುಟಕ್ಕೆ ಸೊಗಸು. ಆದರೆ ಅದರ ಒರಟು ಮೈ ಯಂತ್ರದ ಸಣ್ಣ ಅಲಗನ್ನು ಜಗ್ಗುತ್ತದೆ; ಅದಕ್ಕೆ ಕೈಚಾಕುವೇ ಸರಿ. ಅಂಗಡಿಯವರ ಮಾತಿನ ಜೊತೆಗೆ ಪಿಎಚ್ ಪರೀಕ್ಷಿಸುವ ಪೆನ್ನೊಂದು ಕೈಯಲ್ಲಿದ್ದರೆ ಮೂಲೆಯಲ್ಲಿ ಒಂದು ಗೆರೆ ಎಳೆದು ನೋಡಬಹುದು. ಪತ್ರಿಕೆಯ ತುಣುಕನ್ನು ನೇರವಾಗಿ ಅಂಟಿಸದೆ, ಆಮ್ಲರಹಿತ ಹಾಳೆಗೆ ನಕಲು ತೆಗೆದು ಅಂಟಿಸಿ.

ಸಲಕರಣೆಗೆ ಬಂದರೆ, ನೇರ ಅಂಚಿಗೆ ಟ್ರಿಮ್ಮರ್, ಸಣ್ಣ ತಿರುವಿಗೆ ಚೂಪು ತುದಿಯ ಕತ್ತರಿ, ಒಳಗಿನ ಕಿಂಡಿಗೆ ಪೆನ್ನಿನಂಥ ಚಾಕು, ಜೊತೆಗೆ ಲೋಹದ ಅಳತೆಪಟ್ಟಿ ಮತ್ತು ಕತ್ತರಿಸುವ ಮ್ಯಾಟ್. ಬಹುಪಾಲು ಪುಟಗಳಿಗೆ ಇಷ್ಟು ಸಾಕು. ಅಂಚು ಹರಿಯತೊಡಗಿದರೆ ಒತ್ತಡ ಹೆಚ್ಚಿಸಬೇಡಿ, ಅಲಗು ಬದಲಿಸಿ. ಒಂದೇ ಆಕೃತಿ ಹತ್ತಾರು ಬೇಕಾದಾಗ ಅಚ್ಚುಯಂತ್ರ, ಪ್ರತಿ ಆಕೃತಿಯೂ ಬೇರೆಯಾದಾಗ ವಿದ್ಯುನ್ಮಾನ ಯಂತ್ರ ತನ್ನ ಬೆಲೆಗೆ ನ್ಯಾಯ ಒದಗಿಸುತ್ತವೆ.

ಇನ್ನು ಬರಬೇಕಾದ ಸುಧಾರಣೆ ಅಲಗಿನದಲ್ಲ. ಕಾಗದದ ಪೊಟ್ಟಣದ ಮೇಲೆ ಜಿಎಸ್‌ಎಂ ಅಚ್ಚಾಗುವಂತೆ ಪಿಎಚ್, ಕ್ಷಾರದ ಪ್ರಮಾಣ, ನಾರಿನ ಮೂಲ ಇವೂ ಅಚ್ಚಾಗಬೇಕು. ದಾಂಡೇಲಿಯಂಥ ಕಾಗದದ ಊರಿರುವ ನಾಡಿನಲ್ಲಿ ಗ್ರಾಹಕ ಇದನ್ನು ಕೇಳುವುದು ದುಬಾರಿ ಬಯಕೆಯಲ್ಲ. ಅಂಗಡಿಯಲ್ಲಿ ನಾವು ಕೇಳತೊಡಗಿದರೆ ತಯಾರಕರು ಬರೆಯತೊಡಗುತ್ತಾರೆ. ಅಮೆರಿಕದ ಹವ್ಯಾಸಿಗಳು ‘ಆಮ್ಲರಹಿತ’ ಎಂಬ ಗುರುತನ್ನು ಪಡೆದದ್ದೂ ಹೀಗೆ ಕೇಳಿ ಕೇಳಿಯೇ.